ಅಮ್ಮನ ಮದುವೆಗೆ ಫೋಟೋನೋ ವಿಡಿಯೋನೋ

ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಶಾಲೆಯಲ್ಲಿ ದಿನವಿಡೀ ನಿಂತೇ ಪಾಠ ಮಾಡಬೇಡ, ಕುರ್ಚಿ ಇಟ್ಟಿರುವುದು ಕೂರುವುದಕ್ಕೆ. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ, ನನ್ನ ತಲೆ ಮಾತ್ರ ಚಿಟ್ಟು ಹಿಡಿದಿದೆ. ನೀನು ನಮ್ಮ ಫೋನ್ ಎತ್ತುವುದನ್ನು ಬಿಟ್ಟು ಎರಡು ತಿಂಗಳಾಯಿತು, ಅದಕ್ಕೇ ಈ ಕಾಗದ. ಹರಿದು ಹಾಕುವುದಿದ್ದರೂ ಓದಿ ಹಾಕು.

ಇಪ್ಪತ್ತನೇ ತಾರೀಕು ಗುರುವಾರ ಹನ್ನೊಂದು ಗಂಟೆಗೆ ಅಮ್ಮನ ಮದುವೆ. ನೋಂದಣಿ ಕಚೇರಿಯಲ್ಲಿ ಸಹಿ, ಆಮೇಲೆ ಅವಳು ಕೆಲಸ ಮಾಡುವ ಆಸ್ಪತ್ರೆಯ ಕ್ಯಾಂಟೀನಿನ ಮಹಡಿಯಲ್ಲಿ ಊಟ. ಮದುಮಗನನ್ನು ನೀನು ಫೋನಿನಲ್ಲಿ 'ಆ ಲಿಫ್ಟಿನವನು' ಅಂದೆಯಲ್ಲ, ನಾವು 'ಲಿಫ್ಟಿನವರು' ಅನ್ನುತ್ತೇವೆ, ಅಷ್ಟೇ ವ್ಯತ್ಯಾಸ. ಹೋದ ವರ್ಷ ಅಮ್ಮ ಒಗೆದ ಹಾಸಿಗೆ ಬಟ್ಟೆಯ ಗಾಡಿಯೊಂದಿಗೆ ಆಸ್ಪತ್ರೆಯ ಲಿಫ್ಟಿನಲ್ಲಿ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಾಗ, ರಿಪೇರಿಗೆ ಬಂದ ಅವರು ಮುಕ್ಕಾಲು ಗಂಟೆ ಬಾಗಿಲಿನಾಚೆಯಿಂದ ಮಾತಾಡಿಸುತ್ತಲೇ ಇದ್ದರಂತೆ. ಅಪ್ಪ ಹೋದ ಹನ್ನೊಂದು ವರ್ಷದಲ್ಲಿ ಅಮ್ಮನನ್ನು ಅಷ್ಟು ಹೊತ್ತು ಮಾತಾಡಿಸಿದವರು ಯಾರೂ ಇರಲಿಲ್ಲ. ನಾವೂ ಮಾತಾಡಿಸಿರಲಿಲ್ಲ, ಅಕ್ಕಾ.

ಇರಲಿ, ನನ್ನ ಗೋಳು ಬೇರೆ. ಸ್ಟುಡಿಯೋದವನು ಮೊದಲ ದಿನವೇ ಹೇಳಿಬಿಟ್ಟ: ನಮ್ಮ ಕೈಲಿರುವ ದುಡ್ಡಿಗೆ ಫೋಟೋ ಮತ್ತು ಆಲ್ಬಮ್, ಇಲ್ಲವೇ ವಿಡಿಯೋ. ಎರಡೂ ಬೇಕೆಂದರೆ ಊಟ ಬಿಡಬೇಕು. ನಾನು ಫೋಟೋ ಅಂದೆ. ವಿಡಿಯೋ ಯಾರು ನೋಡುತ್ತಾರೆ? ಚಿಕ್ಕಮ್ಮ ತನ್ನ ಮಗಳ ಮದುವೆಯದನ್ನು ಮೂರು ಗಂಟೆ ತೆಗೆಸಿದಳು. ಅದು ಇವತ್ತಿಗೂ ಹಳೆಯ ಕರೆಂಟ್ ಬಿಲ್ಲುಗಳ ಜೊತೆ ಡ್ರಾಯರಿನಲ್ಲಿ ಬಿದ್ದಿದೆ. ಚಿಕ್ಕಮ್ಮನೂ ಫೋಟೋ ಪಕ್ಷವೇ, ಕಾರಣ ಮಾತ್ರ ಬೇರೆ: 'ಫೋಟೋದಲ್ಲಾದ್ರೆ ಹೊಟ್ಟೆ ಒಳಗೆ ಎಳ್ಕೊಂಡು ನಿಲ್ಲಬಹುದು. ವಿಡಿಯೋದಲ್ಲಿ ಎಷ್ಟು ಹೊತ್ತು ಅಂತ ಎಳ್ಕೊಳ್ಳೋದು?' ಲಿಫ್ಟಿನವರನ್ನು ಕೇಳಿದರೆ 'ನಿಮ್ಮಮ್ಮ ಹೇಳಿದ ಹಾಗೆ' ಎಂದು ಪೇಪರ್ ಬಿಡಿಸಿಕೊಂಡರು. ಅಮ್ಮ ಮಾತ್ರ ಜಪ್ಪಯ್ಯ ಅಂದರೂ ಕೇಳಲಿಲ್ಲ. ವಿಡಿಯೋನೇ ಬೇಕು. ಯಾಕೆ ಅಂದರೆ 'ಬೇಕು, ಅಷ್ಟೇ' ಅನ್ನುತ್ತಾಳೆ. ಬಸ್ಸಿನಲ್ಲಿ ಫೋಟೋ ಎಂದು ಒಪ್ಪಿಸಿಕೊಂಡು ಇಳಿದರೆ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಮತ್ತೆ ವಿಡಿಯೋ. ಒಂದು ವಾರ ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜುವಾಗಲೂ ನನಗೆ ಇದೇ ಧ್ಯಾನ. ಒಬ್ಬರ ಪವರ್ ಇನ್ನೊಬ್ಬರ ಫ್ರೇಮಿಗೆ ಕೂರಿಸಿ ಮಾಲೀಕರಿಂದ ಬೈಸಿಕೊಂಡೆ.

ಶುಕ್ರವಾರ ಅಮ್ಮ ಕೆಲಸ ಮುಗಿಸಿ ಅದೇ ನೀಲಿ ಕೋಟಿನಲ್ಲಿ ಸ್ಟುಡಿಯೋಗೆ ಬಂದಳು. ಗೋಡೆಯ ಮೇಲಿನ ವಧೂವರರ ದೊಡ್ಡ ದೊಡ್ಡ ಚಿತ್ರಗಳತ್ತ ಕಣ್ಣೆತ್ತಲಿಲ್ಲ. ನೇರವಾಗಿ ಸ್ಟುಡಿಯೋದವನನ್ನು ಕೇಳಿದಳು: 'ಮಾತು ಸರಿಯಾಗಿ ಕೇಳ್ಸುತ್ತಾ? ಬೇರೆ ಊರಲ್ಲಿರೋರಿಗೆ ಅವತ್ತೇ ಕಳ್ಸೋಕಾಗುತ್ತಾ? ಅವರು ನೋಡಿದ್ರೋ ಇಲ್ವೋ ಅಂತ ನಮಗೆ ಗೊತ್ತಾಗುತ್ತಾ?'

ಆಗ ನನಗೆ ತಿಳಿಯಿತು. ನಿಜ ಹೇಳುತ್ತೇನೆ, ಮೈಯೆಲ್ಲ ಉರಿದುಹೋಯಿತು. ರಸ್ತೆಗೆ ಬಂದವನೇ ಕೂಗಾಡಿದೆ. ಫೋನ್ ಎತ್ತದವಳು ಎರಡು ಗಂಟೆ ಕೂತು ನಿನ್ನ ಮದುವೆ ನೋಡುತ್ತಾಳೆಯೇ, ಅವಳಿಗೋಸ್ಕರ ನಾವೆಲ್ಲ ಒಂದು ಫೋಟೋ ಇಲ್ಲದೆ ಇರಬೇಕೇ, ಅಂದೆ. ಹಣ್ಣಿನ ಗಾಡಿಯವನು ತೂಗುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ. ಅಮ್ಮ ಕೋಟಿನ ತೋಳು ಮಡಚಿಕೊಳ್ಳುತ್ತಾ ಅಂದಳು: 'ಈಗ ನೋಡ್ದೇ ಇರಬಹುದು ಕಣೋ. ಇನ್ನು ಹತ್ತು ವರ್ಷಕ್ಕೆ ನೋಡಬೇಕು ಅನ್ಸಿದ್ರೆ? ಇರಲಿ ಅಂತ.' ನಾನು ವಾಪಸ್ ಒಳಗೆ ಹೋಗಿ ವಿಡಿಯೋಗೆ ಮುಂಗಡ ಕೊಟ್ಟು ಬಂದೆ. ದಾರಿಯುದ್ದಕ್ಕೂ ಅಮ್ಮನ ಮೇಲೆ ಸಿಟ್ಟು, ಅದಕ್ಕಿಂತ ಹೆಚ್ಚಾಗಿ ನಿನ್ನ ಮೇಲೆ.

ನಿನಗೆ ಅಪ್ಪನ ನೆನಪು ಹೆಚ್ಚು, ನನಗೆ ಗೊತ್ತು. ಅಪ್ಪ ಹೋದಾಗ ನಾನು ಚಿಕ್ಕವನು. ನೀನು ಅಮ್ಮನ ಜೊತೆ ಆಸ್ಪತ್ರೆ ಓಡಾಡಿದವಳು. ಅದಕ್ಕೇ ನಿನಗೆ ಬುದ್ಧಿ ಹೇಳಲು ನಾಲಿಗೆ ಬರುವುದಿಲ್ಲ. ಆದರೆ ಬೈಯಲು ಬರುತ್ತದೆ. ಬೈದಿದ್ದೇನೆ, ಮೇಲೆ ಓದಿದೆಯಲ್ಲ.

ಚಿಕ್ಕಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಮೈ ಕಡೆ ನೋಡಿಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು.

ಸಿಟ್ಟಿನಲ್ಲೂ ನಿನ್ನವನೇ ಆದ
ತಮ್ಮ

ಮ.ವಿ.: ಲಕೋಟೆ ಅಂಟಿಸುವ ಹೊತ್ತಿಗೆ ಅಮ್ಮ ಹೊರಗಿನಿಂದ ಬಂದಳು. ನನಗೆ ಹೇಳದೆ ಕೇಳದೆ ಸ್ಟುಡಿಯೋಗೆ ಹೋಗಿ ವಿಡಿಯೋ ಬೇಡವೆಂದು ಫೋಟೋಗೆ ಬರೆಸಿ ಬಂದಿದ್ದಾಳೆ. ಯಾಕಮ್ಮಾ ಅಂದರೆ, 'ವಿಡಿಯೋ ಕಳ್ಸಿದ್ರೆ ಅಲ್ಲೇ ಕೂತು ನೋಡ್ಬಿಡ್ತಾಳೆ. ಫೋಟೋ ಅಂದ್ರೆ ಅವಳು ಬಂದು ನಿಲ್ಲಬೇಕಲ್ಲ' ಅಂದಳು. ಮನೆಯವರ ಫೋಟೋದಲ್ಲಿ ಎಷ್ಟು ಜನ ಎಂದು ಸ್ಟುಡಿಯೋದವನು ಕೇಳಿದ್ದಕ್ಕೆ ನಾಲ್ಕು ಎಂದು ಹೇಳಿದ್ದಾಳೆ. ಅಮ್ಮ, ಲಿಫ್ಟಿನವರು, ನಾನು, ಇಲ್ಲಿ ಇರುವುದು ಮೂವರೇ. ಮದುವೆಯ ಹಿಂದಿನ ದಿನ, ಹತ್ತೊಂಬತ್ತನೇ ತಾರೀಕು ಬುಧವಾರ ಸಂಜೆ ಆರರಿಂದ ನಾನು ಬಸ್ ನಿಲ್ದಾಣದಲ್ಲಿರುತ್ತೇನೆ.