ಆರನೆಯ ಸೂಜಿ

ಶಹಾಪುರ, ಬೆಳಗಾವಿ
ಗುರುವಾರ

ವೈನಿ, ನಿಮಗೆ ದಾನೇಶ್ವರಿಯ ಶರಣು.

ಅವ್ವನನ್ನು ನೋಡಿಕೊಳ್ಳುವ ಮಾತಿಗೆ ಜಗಳವಾದಂದಿನಿಂದ ನೀವೂ ಅಣ್ಣನೂ ನನ್ನ ಫೋನ್ ಎತ್ತುತ್ತಿಲ್ಲ. ಅದಕ್ಕೇ ನಿಮ್ಮ ಖಾನಾಪುರದ ಶಾಲೆಗೆ ಬರುವ ರಸಿಕಾ ಟೀಚರ್ ಕೈಯಲ್ಲಿ ಈ ಚೀಟಿ ಕಳಿಸುತ್ತಿದ್ದೇನೆ. ನಿನ್ನೆ ಅವರು ತಂದುಕೊಟ್ಟ ಕುಪ್ಪಸವನ್ನು ಅವ್ವನಿಗೆ ತೊಡಿಸಬೇಡಿ. ತೊಡಿಸಿದ್ದರೆ ಈಗಲೇ ಬಿಚ್ಚಿರಿ.

ಲಕ್ವಾ ಹೊಡೆದ ಎಡಗೈಯನ್ನು ಅವ್ವ ಎತ್ತಲಾರಳು. ಮುಂದೆ ಗಂಟು ಕಟ್ಟುವ ಹಳೇ ಕಾಲದ ಕುಪ್ಪಸವಾದರೆ ತೊಡಿಸಲು ನಿಮಗೂ ಹಗುರವೆಂದುಕೊಂಡೆ. ಟೇಲರ್ "ನಾಟಕದಾಗ ಪಾರ್ಟ್ ಮಾಡಾಕತ್ತೀರೇನ್ರಿ ಅಕ್ಕಾರ?" ಎಂದು ನಕ್ಕ. ಕೊನೆಗೆ ನಾನೇ ಕೈಯಿಂದ ಹೊಲಿದೆ, ಜೀವನದಲ್ಲಿ ಮೊದಲ ಸಲ. ಬಟ್ಟೆ ಸರಿಯದಿರಲೆಂದು ಅಲ್ಲಲ್ಲಿ ಸೂಜಿಗಳನ್ನೇ ಚುಚ್ಚಿದ್ದೆ. ಕೂಸು ಸೃಷ್ಟಿ ಅತ್ತಾಗಲೆಲ್ಲ ಬಿಟ್ಟು ಏಳುತ್ತಿದ್ದೆ. ತಿಂಗಳಿಂದ ನಿದ್ದೆಯಿಲ್ಲದೆ ನನ್ನ ತಲೆ ನೆಟ್ಟಗಿಲ್ಲ. ಪೊಟ್ಟಣದಲ್ಲಿ ಆರು ಸೂಜಿ ಇದ್ದವು, ಈಗ ಐದೇ ಇವೆ.

ಅವ್ವನ ಎಡಮೈಗೆ ಚುಚ್ಚಿದರೂ ಅವಳಿಗೆ ಗೊತ್ತಾಗುವುದಿಲ್ಲ. ತೋಳು, ಕಂಕುಳು, ಅಂಚಿನ ಮಡಿಕೆ ಎಲ್ಲವನ್ನೂ ಬೆಳಕಿಗೆ ಹಿಡಿದು ಮುಟ್ಟಿ ನೋಡಿರಿ. ಅವಳ ಮೈಯನ್ನೂ ನೋಡಿರಿ.

ಅಲ್ಲಿ ಸಿಗದಿದ್ದರೆ ಸೂಜಿ ಇಲ್ಲೇ, ಸೃಷ್ಟಿಯ ಹಾಸಿಗೆಯ ಆಸುಪಾಸಿನಲ್ಲಿ ಇದೆ ಎಂದರ್ಥ. ಎರಡು ಸಲ ಎಲ್ಲ ಜಾಡಿಸಿದೆ, ಸಿಗಲಿಲ್ಲ. ಅವಳು ಈಗಷ್ಟೇ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡಲು ಕಲಿತಿದ್ದಾಳೆ. ಬೆಳಗಿನಿಂದ ತೊಡೆಯ ಮೇಲಿಂದ ಇಳಿಸಿಲ್ಲ.

ಸಿಕ್ಕರೂ ಸಿಗದಿದ್ದರೂ ಒಂದು ಫೋನ್ ಮಾಡಿರಿ. ಬೈಯುವುದಿದ್ದರೆ ಆಮೇಲೆ ಬೈಯಿರಿ.

ಸೂಜಿ ಅವ್ವನ ಕುಪ್ಪಸದಲ್ಲೇ ಇರಲಿ ಎಂದು ನಾನು ಇಲ್ಲಿ ಬೇಡಿಕೊಳ್ಳುತ್ತಿದ್ದೇನೆ, ವೈನಿ. ಇದೊಂದನ್ನು ಅವಳಿಗೆ ಹೇಳಬೇಡಿ.

ನಿಮ್ಮ
ದಾನೇಶ್ವರಿ