ಅವಸರವಿಲ್ಲದ ಕೆಲಸ

೧೨ ಮಾರ್ಚ್, ಗುರುವಾರ. ಕ್ಲೈಡ್ ನಾರ್ತ್

ಕೆಲ್ವಿನ್ ಹೀಗೆ ಮಾಡುತ್ತಾನೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ರೋಗಿಗಳಿದ್ದರೆ ನರ್ಸ್‌ಗೆ ಸ್ಕ್ರೀನಿನಲ್ಲಿ ಎಚ್ಚರಿಕೆ ಕಾಣಬೇಕು. ನಾವು ಮಾಡುವ ಆಸ್ಪತ್ರೆ ಆ್ಯಪ್‌ನ ಬ್ಯಾಕ್‌ಲಾಗ್‌ನಲ್ಲಿ, ಅಂದರೆ ಬಾಕಿ ಕೆಲಸಗಳ ಪಟ್ಟಿಯಲ್ಲಿ, ಈ ಕೆಲಸವೇ ಮೊದಲಿರಲಿ ಎಂದು ತಿಂಗಳುಗಟ್ಟಲೆ ಜಗಳವಾಡಿದ್ದೇನೆ. ಆ ಪಟ್ಟಿಯ ಕ್ರಮ ನಿರ್ಧರಿಸುವವನು ಕೆಲ್ವಿನ್. ಟೀಮಿನಲ್ಲಿ ನನ್ನೊಂದಿಗೆ ಕನ್ನಡ ಮಾತಾಡುವವನೂ ಅವನೊಬ್ಬನೇ. ನಿನ್ನೆ ಫೋನಿನಲ್ಲಿ, "ಅದೇ ಫಸ್ಟ್, ನೀನು ಟೆನ್ಶನ್ ಮಾಡ್ಬೇಡ" ಎಂದಿದ್ದ.

ಇವತ್ತು ಸಿಡ್ನಿಯ ನಾರ್ವೆಸ್ಟ್ ಆಫೀಸಿನ ಮೀಟಿಂಗಿನಲ್ಲಿ ಅದನ್ನೇ ತಳಕ್ಕೆ ತಳ್ಳಿದ. ಮೇಲಕ್ಕೆ ಬಂದದ್ದು ಮ್ಯಾನೇಜರ್ ಕೇಳಿದ್ದ, ಸ್ಕ್ರೀನಿನ ಹೊಸ ಬಣ್ಣ! ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಅವಸರವಿಲ್ಲ ಎಂದು ಸಂಧ್ಯಾರಾಣಿಯೇ ಹೇಳಿದ್ದಾಳೆ ಎಂದು ನನ್ನ ಹೆಸರನ್ನೇ ಹೇಳಿಬಿಟ್ಟ. ಇಲ್ಲಿ ಮನೆಯಿಂದ, ಲ್ಯಾಪ್‌ಟಾಪಿನಲ್ಲಿ ಮೀಟಿಂಗಿಗೆ ಸೇರಿದ್ದ ನಾನು ಕ್ಯಾಮೆರಾ ಆಫ್ ಮಾಡಿದೆ.

ಆಮೇಲೆ ಅವನದೇ ಫೋನ್: "ಬೇಜಾರು ಮಾಡ್ಬೇಡ ಮಾರಾಯ್ತಿ. ನಮ್ಮವಳು ಅಲ್ವಾ ಅಂತ ನಿನ್ನ ಹೆಸ್ರು ಹೇಳಿದ್ದು."

ನಮ್ಮವಳು! ಬೇರೆಯವರ ಹೆಸರನ್ನು ಬಳಸಲು ಹೆದರುತ್ತಿದ್ದನೇನೋ.

ಈಗಷ್ಟೇ ಇವರು ಅಡುಗೆಮನೆಯಿಂದ ಕೇಳಿದರು: "ಶನಿವಾರ ಕೆಲ್ವಿನ್ ಸಿಡ್ನಿಯಿಂದ ಊಟಕ್ಕ ಬರ್ತಾನಲ್ಲ, ರೊಟ್ಟಿಗೆ ಜ್ವಾಳದ ಹಿಟ್ಟು ತರ್ಲೇನು?"

"ಅವಸರಿಲ್ಲ" ಅಂದೆ.