ಕೊಸರು ಬಂಗಡೆ

ಅಕ್ಕಾ,

ಬುಸಾನ್ ರೈಲು ನಿಲ್ದಾಣದಲ್ಲಿ ಕೂತು ಬರೆಯುತ್ತಿದ್ದೇನೆ. ಈ ಕಾರ್ಡಿಗಿಂತ ಮೊದಲೇ ನಾನು ಮನೆ ಸೇರುತ್ತೇನೆ, ಆದರೆ ಇದನ್ನು ನಿನ್ನೆದುರು ಬಾಯಿಬಿಟ್ಟು ಹೇಳಲಾರೆ.

ಬಂದರಿನ ಮೀನು ಸಂತೆಯೊಳಗೆ ಕಡಲ ಮಂಜು ನುಗ್ಗಿತ್ತು. ದೀಪಗಳು, ಬುಟ್ಟಿಗಳು, ಹೆಂಗಸರ ಕೆಂಪು ಕೈಗವಸುಗಳು ಎಲ್ಲವೂ ನೀರಿನಡಿಯಲ್ಲಿ ತೇಲುತ್ತಿದ್ದಂತೆ ಕಂಡವು. ಅಮ್ಮನ ತಿಥಿಯ ಎಡೆಗೆ ಮೀನು ತರಲು ಅದೇ ಅಂಗಡಿಗೆ ಹೋದೆ. ಯುದ್ಧದ ಚಳಿಗಾಲದಲ್ಲಿ ನಾವು ನಿರಾಶ್ರಿತರಾಗಿದ್ದಾಗ, ನೀನು ಹಸಿದು ಅಳುವುದನ್ನು ನೋಡಿ ಅಮ್ಮನ ಬುಟ್ಟಿಗೆ, ಕೊಂಡದ್ದರ ಮೇಲೆ, ಒಂದು ಬಂಗಡೆ ಕೊಸರು ಹಾಕಿದವಳ ಅಂಗಡಿ. ಈಗ ಅಲ್ಲಿ ಅವಳ ಮಗಳು ಬೊಕ್‌ಸನ್ ಕೂರುತ್ತಾಳೆ. ಅವಳ ತಲೆಯ ಮೇಲೆ ಸಂತೆಯ ಆಡಳಿತದವರು ಹಾಕಿಸಿದ ಹೊಸ ಫಲಕ: ‘ಕೊಸರು ಕೇಳಬಾರದು.’

ನನಗೆ ಮೈ ಉರಿಯಿತು. “ಇದನ್ನ ಬರೆಸಿದೋರಿಗೆ ಚರಿತ್ರೆ ಗೊತ್ತೇನಮ್ಮಾ? ಈ ಊರು ಬದುಕಿದ್ದೇ ಕೊಸರಿಂದ!”

“ಮೆಲ್ಲಗೆ ಮೇಷ್ಟ್ರೇ, ಮೀನುಗಳು ಎದ್ದುಬಿಟ್ಟಾವು,” ಎಂದಳು. “ಅಕ್ಕ ಹೇಗಿದಾರೆ?”

“ಜ್ವರ ಬಿಟ್ಟಿದೆ. ಊಟ ಮಾತ್ರ ಮುಟ್ಟಲ್ಲ.”

ಅವಳು ಎಡೆಯ ಮೀನು ಕಟ್ಟಿ, ಪಕ್ಕಕ್ಕೊಂದು ದಪ್ಪ ಬಂಗಡೆ ಇಟ್ಟಳು.

“ಬಂಗಡೆ ಎಡೆಗೆ ಆಗಲ್ವಲ್ಲಮ್ಮಾ?”

“ಇದು ಹೋದೋರಿಗಲ್ಲ, ಇರೋರಿಗೆ. ಉಪ್ಪು ಸವರಿ ಸುಟ್ಟುಕೊಡಿ. ನೀವೇನೂ ಕೇಳಲಿಲ್ಲ, ನಾನೂ ಫಲಕ ಓದಲಿಲ್ಲ.”

ನನ್ನ ಮೊಣಕಾಲು ನೋವು ಈಗ ಪರವಾಗಿಲ್ಲ, ಚಿಂತೆ ಬೇಡ. ರೈಲು ಬಂತು. ಈ ಕಾರ್ಡು ನಿನ್ನ ಕೈಗೆ ಬರುವಾಗ ಆ ಬಂಗಡೆಯ ಮುಳ್ಳು ಮಾತ್ರ ಉಳಿದಿರಬೇಕು.

ನಿನ್ನ ತಮ್ಮ,
ಗಿಲ್‌ನಾಮ್